ಚುಕ್ಕೆಗೆ ದುಡ್ಡೋ, ನಾಣ್ಯಕ್ಕೆ ದುಡ್ಡೋ: ಹೊಸ ಸಂಗ್ರಾಹಕರಿಗೆ ಒಂದು ಹೋಲಿಕೆ

ಕೈಯಲ್ಲಿ ಎರಡು ಮೂರು ಸಾವಿರ ರೂಪಾಯಿ ಇದೆ, ನಾಣ್ಯ ಕೂಡಿಡಲು ಶುರುಮಾಡಬೇಕು, ಯಾವುದನ್ನು ಕೊಳ್ಳಲಿ ಎಂದು ಕೇಳುವವರು ನಮ್ಮ ಜಿಲ್ಲೆಯಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಕಾರವಾರದ ಕಾಲೇಜು ಹುಡುಗರು ಕೇಳುತ್ತಾರೆ, ಶಿರಸಿಯ ನಿವೃತ್ತ ಮಾಸ್ತರರೂ ಕೇಳುತ್ತಾರೆ. ಹೆಚ್ಚಿನವರು ಕೇಳುವ ಹೊತ್ತಿಗೆ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಮನಸ್ಸಿನಲ್ಲಿ ಅರ್ಧ ತೀರ್ಮಾನ ಮಾಡಿಕೊಂಡಿರುತ್ತಾರೆ. ಇಸವಿಯ ಕೆಳಗೆ ನಕ್ಷತ್ರವಿರುವ ಎರಡು ರೂಪಾಯಿ, ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ, ಅಚ್ಚು ವಾರೆಯಾಗಿ ಬಿದ್ದ ಒಂದು ರೂಪಾಯಿ: ಇವುಗಳಲ್ಲಿ ಯಾವುದಾದರೂ ಒಂದು ಮನೆಯ ಡಬ್ಬಿಯಲ್ಲಿದ್ದರೆ ಲಕ್ಷ ರೂಪಾಯಿ ಬರುತ್ತದೆ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ನಾಣ್ಯ ಇನ್ನೊಂದಕ್ಕಿಂತ ಬೇರೆಯಾಗಿರುವುದು ಬೇರೆ, ಅದು ಅಪರೂಪವಾಗಿರುವುದು ಬೇರೆ, ಅದನ್ನು ಕೊಳ್ಳಲು ಯಾರಾದರೂ ಕಾದಿರುವುದು ಇನ್ನೂ ಬೇರೆ. ಸಣ್ಣ ಸಣ್ಣ ವ್ಯತ್ಯಾಸಗಳನ್ನು ದೊಡ್ಡ ಬೆಲೆಗೆ ಮಾರುವವರು ಮೊದಲನೆಯದನ್ನು ತೋರಿಸಿ ಮೂರನೆಯದರ ಬೆಲೆ ವಸೂಲು ಮಾಡುತ್ತಾರೆ. ಹೀಗಾಗಿ ಯಾವ ನಾಣ್ಯ ಕೊಳ್ಳುವಾಗಲೂ ಮಾರುವವನಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಆರು ತಿಂಗಳ ನಂತರ ತಂದರೆ ನೀವೇ ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ? ಬೆಳ್ಳಿಯ ರೂಪಾಯಿ ಮಾರುವವನು ಈ ಪ್ರಶ್ನೆಗೆ ತಡವರಿಸದೆ ಒಂದು ಅಂಕಿ ಹೇಳುತ್ತಾನೆ. ನಕ್ಷತ್ರದ ಎರಡು ರೂಪಾಯಿ ಮಾರುವವನು ಮಾತು ಬದಲಿಸುತ್ತಾನೆ.

ಇಸವಿಯ ಕೆಳಗಿನ ಗುರುತುಗಳು

ಅತಿ ಹೆಚ್ಚು ಮೋಸ ನಡೆಯುವುದು ಇಲ್ಲಿಯೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ದೇಶದಲ್ಲಿ ನಾಣ್ಯ ಹೊಡೆಯುವ ಸರಕಾರಿ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೊಯ್ಡಾ. ಯಾವ ನಾಣ್ಯ ಎಲ್ಲಿ ಹುಟ್ಟಿತೆಂದು ತಿಳಿಯಲು ಇಸವಿಯ ಕೆಳಗೆ ಗುರುತು ಹಾಕುತ್ತಾರೆ. ಮುಂಬಯಿಯದು ವಜ್ರದಾಕಾರ, ಹೈದರಾಬಾದಿನದು ನಕ್ಷತ್ರ, ನೊಯ್ಡಾದ್ದು ದುಂಡು ಚುಕ್ಕೆ. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇರುವುದಿಲ್ಲ. ಎಂದರೆ, ನಕ್ಷತ್ರವಿದೆ ಎಂದರೆ ಹೈದರಾಬಾದಿನಿಂದ ಬಂದಿದೆ ಎಂದಷ್ಟೇ ಅರ್ಥ. ಗುರುತೇ ಇಲ್ಲದ ನಾಣ್ಯವನ್ನು ‘ಗುರುತು ಬಿಟ್ಟುಹೋದ ಅಪರೂಪದ ತಪ್ಪು’ ಎಂದು ಮಾರುವವರೂ ಇದ್ದಾರೆ. ಕೋಲ್ಕತ್ತದವರು ಎಂದಿನಂತೆ ತಮ್ಮ ಕೆಲಸ ಮಾಡಿದ್ದನ್ನೇ ಅವರು ತಪ್ಪು ಎಂದು ಮಾರುತ್ತಿದ್ದಾರೆ.

ವಿದೇಶಿ ಗುರುತುಗಳದು ಇನ್ನೊಂದು ಅಧ್ಯಾಯ. ಚಿಲ್ಲರೆಯ ಕೊರತೆಯಾದಾಗ ಸರಕಾರ ಹೊರದೇಶದ ಟಂಕಸಾಲೆಗಳಿಂದ ನಾಣ್ಯ ಮಾಡಿಸಿ ತರಿಸಿತ್ತು. 1985ರ ಒಂದು ರೂಪಾಯಿಯಲ್ಲಿ ಕೆಲವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದವು, ಅವುಗಳಲ್ಲಿ ‘ಎಚ್’ ಅಕ್ಷರವಿದೆ. ಆಮೇಲೆ 1990ರ ದಶಕದ ಕೊನೆಯ ವರ್ಷಗಳಲ್ಲಿ ಕೊರಿಯಾ, ಮೆಕ್ಸಿಕೊ, ಸ್ಲೊವಾಕಿಯಾ, ದಕ್ಷಿಣ ಆಫ್ರಿಕಾ, ರಷ್ಯಾಗಳಿಂದಲೂ ನಾಣ್ಯ ಬಂದವು. ಮೆಕ್ಸಿಕೊದ್ದರಲ್ಲಿ ಎಮ್ ಅಕ್ಷರದ ಜೊತೆ ಪುಟ್ಟ ಸೊನ್ನೆ, ಸ್ಲೊವಾಕಿಯಾದ್ದರಲ್ಲಿ ಎಮ್‌ಕೆ, ಮಾಸ್ಕೋದ್ದರಲ್ಲಿ ರಷ್ಯನ್ ಲಿಪಿಯ ಮೂರು ಅಕ್ಷರ. ಇವನ್ನೆಲ್ಲ ಕೂಡಿಸಿ ಒಂದು ಸಾಲಾಗಿ ಜೋಡಿಸಿದರೆ ನೋಡಲು ನಿಜಕ್ಕೂ ಚಂದ, ಆ ಕಾಲದ ದೇಶದ ಚಿಲ್ಲರೆ ಕಷ್ಟದ ಕಥೆಯೂ ಕಣ್ಣಿಗೆ ಕಾಣುತ್ತದೆ. ಆದರೆ ಚಿಲ್ಲರೆ ಕೊರತೆ ನೀಗಿಸಲು ತರಿಸಿದ ನಾಣ್ಯ ರಾಶಿರಾಶಿಯಾಗಿಯೇ ಬಂದಿರುತ್ತದೆ ಎಂಬುದನ್ನು ಮರೆಯಬಾರದು. ಸವೆದ ‘ಎಚ್’ ರೂಪಾಯಿಗೆ ಲಕ್ಷಗಟ್ಟಲೆ ಬೆಲೆ ಎಂಬ ಸುದ್ದಿ ಎಷ್ಟು ಸಲ ಹರಿದಾಡಿದರೂ, ವ್ಯಾಪಾರಿಯ ತಟ್ಟೆಯಲ್ಲಿ ಅದು ಉಳಿದ ಚಿಲ್ಲರೆಯ ಜೊತೆಯಲ್ಲೇ ಬಿದ್ದಿರುತ್ತದೆ. ಬೇಕಾದರೆ ಮಕ್ಕಳ ಜೊತೆ ಕೂತು ಮನೆಯ ಡಬ್ಬಿಯಿಂದ ಹುಡುಕಿ. ದುಡ್ಡು ಕೊಟ್ಟು ಕೊಳ್ಳುವ ವಸ್ತು ಇದಲ್ಲ.

ವೈಷ್ಣೋದೇವಿ ನಾಣ್ಯವೂ ಹಾಗೆಯೇ. ಶ್ರೀ ಮಾತಾ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ 2012ರ ಇಸವಿಯೊಂದಿಗೆ ಐದು ಮತ್ತು ಹತ್ತು ರೂಪಾಯಿಗಳಲ್ಲಿ ಹೊರಬಂದ ನಾಣ್ಯ ಅದು. ಜನರ ಕೈಗೆ ಹೋಗಲೆಂದೇ ಹೊಡೆದದ್ದು, ಹೋಗಿದೆ. ದೇವಿಯ ಮೇಲಿನ ಭಕ್ತಿಯಿಂದ ಅದನ್ನು ದೇವರ ಕೋಣೆಯಲ್ಲಿ ಇಟ್ಟುಕೊಳ್ಳುವವರ ಬಗ್ಗೆ ನನಗೆ ಗೌರವವಿದೆ. ಆ ಭಕ್ತಿಯನ್ನೇ ಬಂಡವಾಳ ಮಾಡಿಕೊಂಡು ಹತ್ತು ಲಕ್ಷದ ಆಸೆ ತೋರಿಸುವವರ ಮೇಲೆ ಸಿಟ್ಟು ಬರುತ್ತದೆ. ಹತ್ತು ರೂಪಾಯಿಯ ಮೇಲೆ ಗೆರೆಗಳು ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ಗುಲ್ಲೂ ಇಂಥದ್ದೇ ತಿಳಿಗೇಡಿತನದ ಇನ್ನೊಂದು ಮುಖ. ಅಲ್ಲಿಯವರೆಗೆ ಬಂದ ಹತ್ತು ರೂಪಾಯಿಯ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ.

ಕೂದಲೆಳೆಯ ವ್ಯತ್ಯಾಸಗಳು

ಭಾರತದ ನಕ್ಷೆಯಿರುವ, ಹನ್ನೊಂದು ಮೂಲೆಯ ಹಳೆಯ ಎರಡು ರೂಪಾಯಿಯನ್ನು ಒಂದಿಷ್ಟು ಒಟ್ಟುಮಾಡಿ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿ. ಒಂದರಲ್ಲಿ ಇಸವಿಯ ಕೊನೆಯ ಅಂಕೆ ಅಂಚಿಗೆ ತುಸು ಹತ್ತಿರ, ಇನ್ನೊಂದರಲ್ಲಿ ತುಸು ದೂರ. ಒಂದರಲ್ಲಿ ವಜ್ರದ ಗುರುತು ಚೂಪು, ಇನ್ನೊಂದರಲ್ಲಿ ಮೂಲೆಗಳು ಕರಗಿ ಚುಕ್ಕೆಯಂತೆ ಕಾಣುತ್ತದೆ. ಕೆಲವದರಲ್ಲಿ ಅಕ್ಷರದ ನಡುವೆ ತೆಳ್ಳನೆಯ ಉಬ್ಬುಗೆರೆ ಹಾದುಹೋಗಿರುತ್ತದೆ. ಇದೆಲ್ಲ ಏಕೆ ಆಗುತ್ತದೆ ಎಂದರೆ, ಒಂದು ವಿನ್ಯಾಸಕ್ಕೆ ಒಂದೇ ಅಚ್ಚು ಇರುವುದಿಲ್ಲ. ಅನೇಕ ಅಚ್ಚುಗಳು ತಯಾರಾಗುತ್ತವೆ, ಪ್ರತಿಯೊಂದೂ ಸಾವಿರ ಸಾವಿರ ಬಾರಿ ಬಡಿಯುತ್ತದೆ. ಬಡಿದು ಬಡಿದು ಅಚ್ಚಿನ ಅಂಚು ಸವೆಯುತ್ತದೆ, ಅಕ್ಷರದ ಕುಳಿಯಲ್ಲಿ ಎಣ್ಣೆ ಜಿಡ್ಡು ತುಂಬಿಕೊಂಡು ಗೆರೆ ಮಾಸುತ್ತದೆ, ಉಕ್ಕು ಬಿರುಕು ಬಿಟ್ಟರೆ ಆ ಬಿರುಕೇ ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಶಿರಸಿಯ ಅಡಿಕೆ ಚೀಲ ಬಿಚ್ಚಿದರೆ ಎರಡು ಅಡಿಕೆ ಒಂದೇ ತರ ಇರುವುದಿಲ್ಲ. ವ್ಯಾಪಾರಸ್ಥರು ರಾಶಿ, ಚಾಲಿ, ಬೆಟ್ಟೆ, ಗೋಟು ಎಂದು ಬೇರ್ಪಡಿಸಿ ಬೆಲೆ ಕಟ್ಟುತ್ತಾರೆಯೇ ಹೊರತು ಒಂದೊಂದು ಅಡಿಕೆಯ ಕಲೆಗೂ ಬೆಲೆ ಕಟ್ಟುವುದಿಲ್ಲ.

ಹಾಗೆಂದು ಸಣ್ಣ ವ್ಯತ್ಯಾಸಗಳೆಲ್ಲ ಸುಳ್ಳು ಎನ್ನಲಾಗದು. ಚುಕ್ಕೆಗೆ ನಿಜವಾದ ಅರ್ಥವಿರುವ ಒಂದು ನಾಣ್ಯವನ್ನು ನೋಡೋಣ: 1862ರ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಉತ್ತರ ಕನ್ನಡದವರಿಗೆ ಈ ಇಸವಿ ಪರಿಚಿತವೇ, ನಮ್ಮ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ವರ್ಷ ಅದು. ಆ ರೂಪಾಯಿಯನ್ನು 1874ರವರೆಗೂ ಹೊಡೆಯುತ್ತಲೇ ಇದ್ದರು, ಆದರೆ ಅಷ್ಟೂ ವರ್ಷ ಅದರ ಮೇಲೆ 1862 ಎಂದೇ ಇತ್ತು. ಹಿಂಬದಿಯಲ್ಲಿ ಇಸವಿಯ ಕೆಳಗೆ, ಮೇಲ್ಭಾಗದ ಹೂವಿನ ಬಳಿ ಸಣ್ಣ ಸಣ್ಣ ಚುಕ್ಕೆಗಳನ್ನು ಸೇರಿಸುತ್ತ ಹೋದರು. ಆ ಚುಕ್ಕೆಗಳ ಲೆಕ್ಕ ಹಿಡಿದೇ ನಾಣ್ಯ ಯಾವ ಟಂಕಸಾಲೆಯದು, ಯಾವ ವರ್ಷದ್ದು ಎಂದು ವಿದ್ವಾಂಸರು ಬೇರ್ಪಡಿಸಿದ್ದಾರೆ. ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥ ರೂಪಾಯಿ ಇದ್ದರೆ ಬೆಳಕಿಗೆ ಓರೆಯಾಗಿ ಹಿಡಿದು ಕೆಳಗಿನ ಹೂಬಳ್ಳಿಯ ಹತ್ತಿರ ನೋಡಿ. ಸಾಸಿವೆಗಿಂತ ಸಣ್ಣದಾದ ಆ ಉಬ್ಬು ಬೆರಳಿಗೆ ತಾಗುವುದಿಲ್ಲ, ಕಣ್ಣಿಗೆ ಮಾತ್ರ ಸಿಗುತ್ತದೆ.

1840ರ ರೂಪಾಯಿಯದೂ ಇಂಥದ್ದೇ ಕಥೆ. ಒಂದು ಬಗೆಯಲ್ಲಿ ರಾಣಿಯ ಹೆಸರಿನ ಅಕ್ಷರಗಳು ತಲೆಯ ಮೇಲಿನಿಂದ ಎಡೆಬಿಡದೆ ಸುತ್ತಿಕೊಂಡಿವೆ, ಇನ್ನೊಂದು ಬಗೆಯಲ್ಲಿ ತಲೆಯ ಎಡಕ್ಕೂ ಬಲಕ್ಕೂ ಒಡೆದುಕೊಂಡಿವೆ. ಎರಡರ ಮೇಲೂ ಇಸವಿ ಒಂದೇ, ಆದರೆ ಎರಡನೆಯದು ವರ್ಷಗಳ ನಂತರ ಬಂದದ್ದು. ಹಿಂಬದಿಯ ಎಲೆಮಾಲೆಯಲ್ಲಿ ಹಣ್ಣುಗಳು ಎಷ್ಟಿವೆ ಎಂದು ಎಣಿಸುವ ಸಂಗ್ರಾಹಕರೂ ಇದ್ದಾರೆ. ಇವಕ್ಕೆ ಮತ್ತು ನಕ್ಷೆಯ ಎರಡು ರೂಪಾಯಿಯ ಸವೆದ ವಜ್ರಕ್ಕೆ ಇರುವ ಅಂತರ ಇಷ್ಟು: ಇಲ್ಲಿ ಟಂಕಸಾಲೆಯವರು ಬೇಕೆಂದೇ ಅಚ್ಚು ಬದಲಿಸಿದ್ದಾರೆ, ಆ ಬದಲಾವಣೆಯಿಂದ ಕಾಲವೋ ಸ್ಥಳವೋ ತಿಳಿಯುತ್ತದೆ, ಅದನ್ನು ಬೇರೆಬೇರೆ ಜನ ನೋಡಿ, ಹೋಲಿಸಿ, ದಾಖಲಿಸಿದ್ದಾರೆ. ಇಷ್ಟಾದರೂ ಸಾಮಾನ್ಯ ಚುಕ್ಕೆಯ 1862ರ ರೂಪಾಯಿ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಹೆಚ್ಚಿಗೆ ಸಿಗುತ್ತದೆ. ದಾಖಲಾದ ವ್ಯತ್ಯಾಸಕ್ಕೇ ಇಷ್ಟು ಬೆಲೆಯಾದರೆ, ಹೆಸರೇ ಇಲ್ಲದ ವ್ಯತ್ಯಾಸಕ್ಕೆ ಸಾವಿರಗಟ್ಟಲೆ ಕೊಡಲು ಯಾವ ಕಾರಣವೂ ಇಲ್ಲ.

ಅಚ್ಚಿನ ತಪ್ಪುಗಳು: ಅಸಲಿ ಮತ್ತು ಗ್ಯಾರೇಜಿನವು

ತಪ್ಪಾಗಿ ಅಚ್ಚಾದ ನಾಣ್ಯಗಳಲ್ಲಿ ಕೆಲವು ನಿಜಕ್ಕೂ ಕೊಳ್ಳಲು ಯೋಗ್ಯ. ಅಚ್ಚು ಹಾಕುವ ಲೋಹದ ಬಿಲ್ಲೆ ಸರಿದು ಅರ್ಧ ಚಂದ್ರದಂತೆ ಖಾಲಿ ಉಳಿದ ನಾಣ್ಯ, ಹಿಂದಿನ ನಾಣ್ಯ ಅಚ್ಚಿನಲ್ಲೇ ಸಿಕ್ಕಿಕೊಂಡದ್ದರಿಂದ ಒಂದು ಬದಿಯ ಚಿತ್ರವೇ ಇನ್ನೊಂದು ಬದಿಯಲ್ಲಿ ತಿರುವುಮುರುವಾಗಿ ತಗ್ಗಾಗಿ ಮೂಡಿದ ನಾಣ್ಯ, ಬೇರೆ ಮೌಲ್ಯದ ಬಿಲ್ಲೆಯ ಮೇಲೆ ಬಿದ್ದ ಅಚ್ಚು: ಇವಕ್ಕೆ ಸಂಗ್ರಾಹಕರಲ್ಲಿ ಬೇಡಿಕೆ ಇದೆ. ತಪ್ಪು ಎಷ್ಟು ದೊಡ್ಡದೋ, ಬರಿಗಣ್ಣಿಗೆ ಎಷ್ಟು ಸ್ಪಷ್ಟವೋ ಅಷ್ಟು ಬೆಲೆ. ಭೂತಗನ್ನಡಿ ಇಟ್ಟು, ಮಾರುವವನು ಬೆರಳು ತೋರಿಸಿದ ಮೇಲೂ ಎರಡು ಸಲ ನೋಡಿದರೆ ಮಾತ್ರ ಕಾಣುವ ತಪ್ಪಿಗೆ ದುಡ್ಡು ಕೊಡಬೇಡಿ.

ಒಂದು ಬದಿಯ ಅಚ್ಚು ಇನ್ನೊಂದಕ್ಕೆ ಹೊಂದದೆ ತಿರುಗಿದ್ದನ್ನು ಪರೀಕ್ಷಿಸುವುದು ಸುಲಭ. ನಾಣ್ಯವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೇಲೆ ಕೆಳಗೆ ಹಿಡಿದು, ಪುಸ್ತಕದ ಪುಟ ಮಗುಚಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ನಾಣ್ಯಗಳ ಎರಡೂ ಬದಿ ನೆಟ್ಟಗೆ ಕಾಣಬೇಕು. ತುಸು ಓರೆಯಿದ್ದರೆ ಅದು ಎಲ್ಲೆಡೆ ಸಿಗುವ ಸಂಗತಿ. ಪೂರ್ತಿ ತಲೆಕೆಳಗಾಗಿದ್ದರೆ ಮಾತ್ರ ಎತ್ತಿಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ ತಯಾರಾಗುವ ತಪ್ಪುಗಳೂ ಬೇಕಾದಷ್ಟಿವೆ. ಎರಡು ನಾಣ್ಯಗಳನ್ನು ಜೊತೆಯಿಟ್ಟು ಗ್ಯಾರೇಜಿನ ವೈಸಿನಲ್ಲಿ (ಬಿಗಿಹಿಡಿಕೆಯಲ್ಲಿ) ಅದುಮಿದರೆ ಒಂದರ ಚಿತ್ರ ಇನ್ನೊಂದರ ಮೇಲೆ ತಿರುವಾಗಿ ಬೀಳುತ್ತದೆ. ಆದರೆ ಆಗ ಕೆಳಗಿದ್ದ ಮೂಲ ಚಿತ್ರ ಜಜ್ಜಿಹೋಗಿರುತ್ತದೆ, ಎರಡು ಚಿತ್ರಗಳೂ ಒಂದರ ಮೇಲೊಂದು ಕಾಣುತ್ತವೆ. ಟಂಕಸಾಲೆಯ ಅಸಲಿ ತಪ್ಪಿನಲ್ಲಿ ಆ ಬದಿಯಲ್ಲಿ ತಿರುವುಮುರುವಾದ ಚಿತ್ರ ಒಂದೇ ಇರುತ್ತದೆ. ಎರಡೂ ಕಡೆ ಸಿಂಹ, ಎರಡೂ ಕಡೆ ಅಂಕೆ ಇರುವ ನಾಣ್ಯಗಳು ಸಾಮಾನ್ಯವಾಗಿ ಎರಡನ್ನು ಕೊರೆದು ಒಂದರೊಳಗೊಂದು ಕೂರಿಸಿದವು. ಅಂಚಿನ ಒಳಸುತ್ತಿನಲ್ಲಿ ಉಗುರು ಎಳೆದು ನೋಡಿ, ಜೋಡಣೆಯ ಗೆರೆ ಸಿಗುತ್ತದೆ. ಹತ್ತು ರೂಪಾಯಿಯ ನಡುವಿನ ಬಿಲ್ಲೆಯನ್ನು ಬಡಿದು ಹೊರತೆಗೆದು ತಿರುಗಿಸಿ ಕೂರಿಸುವುದು ಇನ್ನೂ ಸುಲಭದ ಕೆಲಸ, ಅಂಥವೇ ಮಾರುಕಟ್ಟೆಯಲ್ಲಿ ಹೆಚ್ಚು.

ದೇವರ ಚಿತ್ರದ ‘ಕಂಪನಿ’ ನಾಣ್ಯ

ಇದರ ಬಗ್ಗೆ ಹೆಚ್ಚು ಮಾತು ಬೇಡ. 1818 ಎಂಬ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಹಿಂದೆ ರಾಮ, ಸೀತೆ, ಹನುಮಂತ ಅಥವಾ ಲಕ್ಷ್ಮಿ ಇರುವ ದಪ್ಪನೆಯ ತಾಮ್ರದ ಬಿಲ್ಲೆಗಳು ನಾಣ್ಯಗಳೇ ಅಲ್ಲ. ಮದ್ರಾಸಿನಲ್ಲಿ ಕಂಪನಿಯವರು ವೆಂಕಟೇಶ್ವರ ಮತ್ತು ದೇವಿಯರ ಚಿತ್ರವಿರುವ ಪುಟ್ಟ ಚಿನ್ನದ ವರಾಹ ಹೊಡೆಸಿದ್ದು ನಿಜ, ಆದರೆ ಅದಕ್ಕೂ ಈ ತಾಮ್ರದ ಬಿಲ್ಲೆಗೂ ಯಾವ ಸಂಬಂಧವೂ ಇಲ್ಲ. ಇಡೀ ದೇಶಕ್ಕೆ ಒಂದೇ ಮಾದರಿಯ ಕಂಪನಿ ನಾಣ್ಯ ಬಂದದ್ದೇ 1835ರಲ್ಲಿ. ಈ ಬಿಲ್ಲೆ ಅಕ್ಕಿ ಕಾಳನ್ನು ಎಳೆಯುತ್ತದೆ, ವಿದೇಶದ ವಿಜ್ಞಾನಿಗಳು ಕೋಟಿ ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಜಮೀನು ಕಳೆದುಕೊಂಡ ಕುಟುಂಬಗಳು ನಮ್ಮ ರಾಜ್ಯದಲ್ಲಿವೆ.

ಬೆಳ್ಳಿಯ ರೂಪಾಯಿ

ಹೊಸಬರಿಗೆ ಇದು ಭದ್ರವಾದ ಆಯ್ಕೆ. ಹಳೆಯ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. ಇಸವಿ ಸಾಮಾನ್ಯದ್ದಾದರೂ, ಸಂಗ್ರಾಹಕನೇ ಸಿಗದಿದ್ದರೂ, ಪೇಟೆಯ ಶೇಟರ ಅಂಗಡಿಯಲ್ಲಿ ತಕ್ಕಡಿಗೆ ಹಾಕಿದ ಬೆಲೆ ಎಂದೂ ಕೈಬಿಡುವುದಿಲ್ಲ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರ ಹುಲಿಯ ರೂಪಾಯಿ ಪೂರ್ತಿ ನಿಕ್ಕಲ್. ಹುಲಿಯ ರೂಪಾಯಿಯನ್ನು ಬೆಳ್ಳಿಯ ಬೆಲೆಗೆ ಕೊಟ್ಟವರಿದ್ದಾರೆ, ಕೊಂಡವರೂ ಇದ್ದಾರೆ. ಒಂದು ಆಯಸ್ಕಾಂತ ಜೇಬಿನಲ್ಲಿರಲಿ: ನಿಕ್ಕಲ್ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.

ಈ ಗುಂಪಿನಲ್ಲಿಯೂ ಹೊಗಳಿ ಮಾರುವ ಸರಕು ಇದೆ. 1911ರ ಐದನೇ ಜಾರ್ಜ್ ರೂಪಾಯಿ ಅವುಗಳಲ್ಲಿ ಮುಖ್ಯ. ರಾಜನ ನಿಲುವಂಗಿಯ ಮೇಲಿನ ಆನೆ, ಸೊಂಡಿಲು ಮೊಟಕಾದ್ದರಿಂದ ಹಂದಿಯಂತೆ ಕಂಡು ಜನ ಆಕ್ಷೇಪಿಸಿದರು. 1912ರಲ್ಲಿ ಆನೆಯನ್ನು ತಿದ್ದಿ ಹೊಸ ಅಚ್ಚು ಮಾಡಿದರು. ಹೀಗಾಗಿ 1911ರದಕ್ಕೆ ಮಿಕ್ಕ ವರ್ಷಗಳದಕ್ಕಿಂತ ಹೆಚ್ಚು ಬೆಲೆ ಇರುವುದು ನ್ಯಾಯವೇ. ಅನ್ಯಾಯ ಎಲ್ಲಿ ಎಂದರೆ, 1913ರದನ್ನೋ 1918ರದನ್ನೋ ತೋರಿಸಿ ‘ಇಲ್ಲಿ ನೋಡಿ ಹಂದಿ’ ಎನ್ನುವಲ್ಲಿ. ಇಸವಿ ಓದಿ, ಸಾಕು. 1939ರ ಬೆಳ್ಳಿ ರೂಪಾಯಿ ಮಾತ್ರ ನಿಜಕ್ಕೂ ಅಪರೂಪ. ಅದರ ನಕಲುಗಳೂ, ಇಸವಿ ಕೆತ್ತಿ ತಿದ್ದಿದವೂ ಅಷ್ಟೇ ಹೇರಳ. ಹೊಸಬರು ಅದರ ಹತ್ತಿರ ಹೋಗಬಾರದು. ಜಾತ್ರೆಯ ಅಂಗಡಿಯಲ್ಲಿ, ಸಂತೆಯ ಮೂಲೆಯಲ್ಲಿ 1939 ಸಿಕ್ಕಿತು ಎಂದರೆ ಅದು ಎರಕದ್ದು ಎಂದೇ ಎಣಿಸಿ. ಎರಕದ ನಾಣ್ಯದ ಮೈಮೇಲೆ ಸೂಜಿಮೊನೆಯಂಥ ತೂತುಗಳಿರುತ್ತವೆ, ಅಕ್ಷರದ ಅಂಚು ಸಾಬೂನಿನಂತೆ ಮೊಂಡಾಗಿರುತ್ತದೆ, ಅಂಚಿನ ಸುತ್ತ ಅರ ಹಾಕಿ ಉಜ್ಜಿದ ಗುರುತು ಸಿಗುತ್ತದೆ, ತೂಕವೂ ಸಾಮಾನ್ಯವಾಗಿ ತಪ್ಪುತ್ತದೆ.

ನಮ್ಮ ಕಡೆ ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಕೊರಳಿಗೆ ಹಾಕಿಕೊಳ್ಳುವ ರೂಢಿ ಇತ್ತು. ಕೊಂಡಿ ತೆಗೆದು ಉಜ್ಜಿದ ನಾಣ್ಯಗಳು ಆಗಾಗ ಬರುತ್ತವೆ. ಮೇಲಂಚಿನಲ್ಲಿ ಬೆಸುಗೆಯ ಕಲೆ ಹುಡುಕಿ. ಇದ್ದರೆ ಬೆಳ್ಳಿಯ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.

ಗೋವೆಯ ನಾಣ್ಯ: ಕಾರವಾರದವರ ಪಾಲಿನ ಭಾಗ್ಯ

ನನ್ನನ್ನು ಕೇಳಿದರೆ, ಕಾರವಾರ ಮತ್ತು ಅಂಕೋಲೆಯ ಕಡೆಯವರು ಶುರುಮಾಡಬೇಕಾದದ್ದು ಇಲ್ಲಿಂದ. ಮಾಜಾಳಿ ದಾಟಿದರೆ ಗೋವೆ. ಕಾಣಕೋಣದಲ್ಲಿ ನೆಂಟರಿಲ್ಲದ ಮನೆ ಕಾರವಾರದ ಕಡೆ ಕಡಿಮೆ. ಪೋರ್ಚುಗೀಸರ ಕಾಲದ ನಾಣ್ಯ ಆ ನೆಂಟಸ್ತಿಕೆಯ ಜೊತೆಯಲ್ಲೇ ಕಾಳಿ ನದಿ ದಾಟಿ ಈಚೆ ಬಂದಿದೆ.

ಗೋವೆಯಲ್ಲಿ ಮೊದಲು ನಡೆಯುತ್ತಿದ್ದದ್ದು ರುಪಿಯಾ. ಹದಿನಾರು ತಾಂಗಾ ಸೇರಿದರೆ ಒಂದು ರುಪಿಯಾ. 1881 ಮತ್ತು 1882ರ ಲುಯಿಸ್ ರಾಜನ ಬೆಳ್ಳಿ ರುಪಿಯಾ ತೂಕದಲ್ಲೂ ಬೆಳ್ಳಿಯಲ್ಲೂ ನಮ್ಮ ರಾಣಿ ರೂಪಾಯಿಯ ಸಮಕ್ಕೇ ಇದೆ. 1958ರಲ್ಲಿ ರುಪಿಯಾ ಹೋಗಿ ಎಸ್ಕುಡೊ ಬಂತು, ಒಂದು ರುಪಿಯಾಕ್ಕೆ ಆರು ಎಸ್ಕುಡೊ. ಸೆಂಟಾವೊ ಎಂಬ ಚಿಲ್ಲರೆಯೂ ಬಂತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಯಾಯಿತು, ಎಸ್ಕುಡೊದ ಆಳ್ವಿಕೆಯೂ ಅಲ್ಲಿಗೆ ಮುಗಿಯಿತು. ಹೆಚ್ಚುಕಡಿಮೆ ಮೂರೇ ವರ್ಷ ನಡೆದ ನಾಣ್ಯ ಅದು. ಒಂದನ್ನು ಕೈಗೆ ತೆಗೆದುಕೊಂಡು ಲಾಂಛನ ನೋಡಿ. ಹಲ್ಲುಗಳಿರುವ ಚಕ್ರವೊಂದು ಕಾಣುತ್ತದೆ. ಅದು ಸಂತ ಕ್ಯಾಥರೀನಳ ಚಕ್ರ. ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಗೆದ್ದದ್ದು 1510ರ ನವೆಂಬರ್ 25, ಆ ಸಂತಳ ಹಬ್ಬದ ದಿನ. ನಾಲ್ಕೂವರೆ ಶತಮಾನದ ಮೊದಲ ದಿನವನ್ನು ಕೊನೆಯ ವರ್ಷಗಳ ಚಿಲ್ಲರೆಯ ಮೇಲೂ ಹೊಡೆದಿದ್ದಾರೆ.

ಬೆಲೆಯ ವಿಷಯದಲ್ಲಿ ಈ ನಾಣ್ಯ ನಮಗೆ ಒಳ್ಳೆಯ ಪಾಠ ಹೇಳುತ್ತದೆ. ಮೂರೇ ವರ್ಷ ನಡೆದದ್ದು, ಸರಕಾರವೇ ಮುಗಿದುಹೋದದ್ದು, ಆದರೂ ಸೆಂಟಾವೊ, ಎಸ್ಕುಡೊಗಳು ಸುಲಭ ಬೆಲೆಗೆ ಸಿಗುತ್ತವೆ. ಜನ ನೆನಪಿಗೆಂದು ಎತ್ತಿಟ್ಟುಕೊಂಡದ್ದರಿಂದ ಅವು ಉಳಿದಿವೆ. ಎಷ್ಟು ವರ್ಷ ನಡೆಯಿತು ಎಂಬುದಕ್ಕಿಂತ ಎಷ್ಟು ಉಳಿದಿವೆ ಎಂಬುದೇ ಬೆಲೆಯನ್ನು ತೀರ್ಮಾನಿಸುತ್ತದೆ. ನಕ್ಷತ್ರದ ಎರಡು ರೂಪಾಯಿಗೆ ಕೊಡಲಿದ್ದ ದುಡ್ಡಿನಲ್ಲಿ ಎಸ್ಕುಡೊಗಳ ಒಂದು ಸಾಲನ್ನೇ ಕೂಡಿಸಬಹುದು. ಕೊಟ್ಟ ದುಡ್ಡು ಹತ್ತು ಪಟ್ಟಾಗುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಆದರೆ ಹತ್ತು ವರ್ಷದ ನಂತರವೂ ಅದನ್ನು ಮೇಜಿನ ಮೇಲೆ ಹರಡಿ ಮಕ್ಕಳಿಗೆ ಒಂದು ಗಂಟೆ ಕಥೆ ಹೇಳಬಹುದು, ಕೊಳ್ಳಲು ಗೋವೆಯ ಕಡೆಯ ಒಬ್ಬರಲ್ಲ ಒಬ್ಬರು ಸಿಗುತ್ತಾರೆ.

ಘಟ್ಟದ ಮೇಲಿನವರಿಗೆ, ಶಿರಸಿ ಸಿದ್ದಾಪುರದ ಕಡೆಯವರಿಗೆ, ಇದೇ ಬೆಲೆಯಲ್ಲಿ ಇನ್ನೊಂದು ದಾರಿ ಮೈಸೂರಿನ ಮುಮ್ಮಡಿ ಕೃಷ್ಣರಾಜರ ತಾಮ್ರದ ಕಾಸು. ಆನೆ ಅಥವಾ ಸಿಂಹದ ಚಿತ್ರ, ಕೆಲವದರಲ್ಲಿ ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಬರೆದಿರುತ್ತದೆ. ನಮ್ಮ ಲಿಪಿ ಅಚ್ಚಾದ ಹಳೆಯ ನಾಣ್ಯವನ್ನು ಅಂಗೈಯಲ್ಲಿ ಇಟ್ಟುಕೊಂಡು ಓದುವ ಸಂತೋಷಕ್ಕೆ ಇಷ್ಟು ಕಡಿಮೆ ಬೆಲೆ ಇರುವುದೇ ನನಗೆ ಆಶ್ಚರ್ಯ. ಸವೆದದ್ದಾದರೂ ಅಡ್ಡಿಯಿಲ್ಲ, ಅಕ್ಷರ ಓದುವಂತಿದ್ದರೆ ಸಾಕು.

ಸರಕಾರದ ಸ್ಮರಣಾರ್ಥ ನಾಣ್ಯ

ಪೆಟ್ಟಿಗೆಯಲ್ಲಿ ಬರುವ, ಚಲಾವಣೆಗೆ ಬಿಡದ ಸ್ಮರಣಾರ್ಥ ನಾಣ್ಯಗಳನ್ನು ಟಂಕಸಾಲೆಗಳೇ ನೇರವಾಗಿ ಮಾರುತ್ತವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನೆನಪಿನ ಸಾವಿರ ರೂಪಾಯಿ, ಹೊಸ ಸಂಸತ್ ಭವನದ ನೆನಪಿಗೆ 2023ರಲ್ಲಿ ಬಂದ 75 ರೂಪಾಯಿ ಇಂಥವು. ಎಪ್ಪತ್ತೈದರದು 35 ಗ್ರಾಂ ತೂಗುತ್ತದೆ, ಅದರಲ್ಲಿ ಬೆಳ್ಳಿ ಅರ್ಧ. ಕೊಳ್ಳುವ ಬೆಲೆ ಮುಖಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಅಸಲಿತನದ ಬಗ್ಗೆ ಸಂಶಯವೇ ಬೇಡ, ಅದೇ ಇದರ ದೊಡ್ಡ ಗುಣ. ಉಡುಗೊರೆ ಕೊಡಲು ಚೆನ್ನ. ಟಂಕಸಾಲೆಯಲ್ಲಿ ಇನ್ನೂ ಸಿಗುವಾಗಲೇ ‘ಮುಗಿದುಹೋಗಿದೆ’ ಎಂದು ಎರಡು ಪಟ್ಟು ಬೆಲೆಗೆ ಮಾರುವವರಿಂದ ಮಾತ್ರ ಕೊಳ್ಳಬೇಡಿ.

ಹಳೆಯದೆಂದರೆ ಎಷ್ಟು ಹಳೆಯದು

ಬನವಾಸಿ ನಮ್ಮ ಜಿಲ್ಲೆಯಲ್ಲಿದೆ, ಹಾಗಾಗಿ ಕದಂಬರ ನಾಣ್ಯ ಎಂದು ಏನನ್ನಾದರೂ ತೋರಿಸಿದರೆ ನಮ್ಮವರ ಮನಸ್ಸು ಬೇಗ ಕರಗುತ್ತದೆ. ಕದಂಬರಿಗೂ ಹಿಂದಿನ ಚುಟು ವಂಶದ ಸೀಸದ ನಾಣ್ಯಗಳು ಕಾರವಾರದಲ್ಲೇ ಸಿಕ್ಕಿವೆ, ಚುಟುಕುಲಾನಂದ, ಮುಳಾನಂದ ಎಂಬ ರಾಜರ ಹೆಸರು ಅವುಗಳ ಮೇಲಿದೆ. ನಮ್ಮ ಊರಿನ ಹೆಸರು ನಾಣ್ಯಶಾಸ್ತ್ರದ ಪುಸ್ತಕಗಳಲ್ಲಿ ಸೇರಿಕೊಂಡದ್ದು ಆ ಸೀಸದ ಬಿಲ್ಲೆಗಳಿಂದ. ಇಂಥವು ಇರಬೇಕಾದದ್ದು ವಸ್ತುಸಂಗ್ರಹಾಲಯದಲ್ಲಿ. ಕಂತಿಗೆ ಕೊಡುತ್ತೇನೆ ಎನ್ನುವವನ ಚೀಲದಲ್ಲಿ ಇರುವುದು ನಿನ್ನೆ ಎರಕ ಹೊಯ್ದದ್ದು, ಅಥವಾ ಯಾವುದೋ ಹೊಲದಿಂದ ಕದ್ದು ಅಗೆದದ್ದು. ಎರಡೂ ನಮಗೆ ಬೇಡ.

ತೋಟದಲ್ಲಿ ಕಾದಿಗೆ ತೆಗೆಯುವಾಗ, ಹಳೆಯ ಮನೆ ಕೆಡವುವಾಗ ನಾಣ್ಯದ ಕುಡಿಕೆ ಸಿಕ್ಕರೆ ಅದನ್ನು ಜಿಲ್ಲಾಧಿಕಾರಿಯವರಿಗೆ ತಿಳಿಸಬೇಕೆಂದು ನಿಧಿಯ ಕಾಯ್ದೆ ಹೇಳುತ್ತದೆ. ಹತ್ತಿರದ ತಹಶೀಲ್ದಾರರ ಕಚೇರಿಗೆ ತಿಳಿಸಿದರೂ ಸುದ್ದಿ ಮುಟ್ಟುತ್ತದೆ. ಕುಡಿಕೆಯನ್ನು ಬಗ್ಗಿಸಿ, ನಾಣ್ಯ ಹಂಚಿಕೊಂಡು, ಕರಗಿಸಿದ ಮೇಲೆ ಅದು ಯಾವ ಕಾಲದ್ದು, ಯಾವ ದಾರಿಯ ವ್ಯಾಪಾರದ್ದು ಎಂದು ತಿಳಿಯುವ ಉಪಾಯವೇ ಇಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಗೆ ಸೇರುತ್ತದೆ, ಅನುಮತಿಯಿಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ಗಲ್ಫಿನಲ್ಲಿರುವ ಮಗನ ಕೈಯಲ್ಲಿ ಕೊಟ್ಟು ಮಾರಿಸೋಣ ಎನ್ನುವವರು ಇದನ್ನು ನೆನಪಿಡಿ.

ಮಾರುವಾಗಿನ ಬಲೆ

ಕೊಳ್ಳುವವರಿಗಿಂತ ಮಾರಲು ಹೊರಟವರೇ ಹೆಚ್ಚು ಕಳೆದುಕೊಳ್ಳುತ್ತಿದ್ದಾರೆ. ಕುಮಟೆಯ ಕಡೆಯ ಒಬ್ಬ ಹಿರಿಯರು ತಮ್ಮ ಹಳೆಯ ಇಪ್ಪತ್ತು ಪೈಸೆಗಳ ಫೋಟೊವನ್ನು ಒಂದು ಜಾಹೀರಾತಿನ ಸಂಖ್ಯೆಗೆ ಕಳಿಸಿದ್ದರು. ಅತ್ತ ಕಡೆಯವನು ‘ಅಜ್ಜಾವರೇ, ನಿಮ್ಮದು ಒಂಬತ್ತು ಲಕ್ಷಕ್ಕೆ ಪಾಸಾಗಿದೆ, ನೋಂದಣಿಗೆ ಮೂರು ಸಾವಿರ ಹಾಕಿ’ ಎಂದ. ಹಾಕಿದ ಮೇಲೆ ಜಿಎಸ್‌ಟಿ, ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರ. ಆ ಪತ್ರದ ಮೇಲೆ ಬ್ಯಾಂಕಿನ ಲಾಂಛನವೂ ಇತ್ತು. ತನ್ನ ಹೆಸರಿನಲ್ಲಿ ಹಳೆಯ ನೋಟು, ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ. ನಾಣ್ಯ ಕೊಳ್ಳುವವನು ದುಡ್ಡು ಕೊಡಬೇಕು. ಮಾರುವವನಿಂದಲೇ ದುಡ್ಡು ಕೇಳಿದ ಕ್ಷಣ ಫೋನ್ ಇಡಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಸುಮ್ಮನಿರದೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಮನೆಯ ಮಕ್ಕಳು ಇದನ್ನು ಹಿರಿಯರಿಗೆ ಗದರಿಸದೆ ಕೂತು ಹೇಳಬೇಕು.

ಅಂದಹಾಗೆ, 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ‘ಸರಕಾರ ನಿಲ್ಲಿಸಿದೆ, ಆದ್ದರಿಂದ ಅಪರೂಪ’ ಎಂಬ ವಾದ ಇದರ ಮೇಲೆ ನಿಂತಿದೆ. ಪ್ರತಿ ಮನೆಯ ಡಬ್ಬಿಯಲ್ಲೂ ಹಿಡಿಹಿಡಿ ಇರುವುದು ಅಪರೂಪವಾಗಲು ಇನ್ನೂ ಬಹಳ ಕಾಲ ಬೇಕು.

ಕೊಂಡ ಮೇಲೆ

ಕರಾವಳಿಯ ಗಾಳಿಯಲ್ಲಿ ಉಪ್ಪಿದೆ, ಘಟ್ಟದ ಮೇಲೆ ಮಳೆಗಾಲದ ತೇವ ನಾಲ್ಕು ತಿಂಗಳು ಗೋಡೆಯನ್ನೇ ಬಿಡುವುದಿಲ್ಲ. ತಾಮ್ರಕ್ಕೆ ಕಿಲುಬು ಹಿಡಿಯುವುದು ಇಲ್ಲಿ ಬೇರೆ ಕಡೆಗಿಂತ ಬೇಗ. ಅಗ್ಗದ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮಿನಲ್ಲಿ ಇಟ್ಟರೆ ಹಸಿರು ಜಿಡ್ಡು ಕೂಡ ಸೇರಿಕೊಳ್ಳುತ್ತದೆ. ರಟ್ಟಿನ ಚೌಕಟ್ಟಿನ ಹೋಲ್ಡರುಗಳಲ್ಲಿ ಒಂದೊಂದಾಗಿ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪುಡಿಕೆಗಳ ಜೊತೆ ಮುಚ್ಚಿಡಿ. ಮಳೆಗಾಲ ಶುರುವಾಗುವ ಮೊದಲು ಮತ್ತು ನವರಾತ್ರಿಯ ಹೊತ್ತಿಗೆ ಪುಡಿಕೆ ಬದಲಿಸಿ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಹುಣಸೆಹಣ್ಣು, ಲಿಂಬೆ, ಬೂದಿ ಹಾಕಿ ತಿಕ್ಕುವ ಕೆಲಸ ಬೇಡವೇ ಬೇಡ. ದೇವರ ಪಾತ್ರೆಗೆ ಸರಿಯಾದದ್ದು ನಾಣ್ಯಕ್ಕೆ ವಿಷ. ನೂರೈವತ್ತು ವರ್ಷದಲ್ಲಿ ಮೂಡಿದ ಬಣ್ಣದ ಪೊರೆ ಎರಡು ನಿಮಿಷದಲ್ಲಿ ಹೋಗುತ್ತದೆ, ಅದರ ಜೊತೆ 1862ರ ಆ ಚುಕ್ಕೆಗಳೂ ಸವೆಯುತ್ತವೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ಉಜ್ಜದೆ, ಮೆತ್ತನೆಯ ಹತ್ತಿ ಬಟ್ಟೆಯ ಮೇಲೆ ಒಣಗಲು ಬಿಡಿ. ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇರಲಿ: ಎಲ್ಲಿ ಕೊಂಡದ್ದು, ಯಾವಾಗ, ಎಷ್ಟಕ್ಕೆ, ತೂಕ ಎಷ್ಟು. ಮನೆಯ ಹಿರಿಯರಿಂದ ಬಂದದ್ದಾದರೆ ಯಾರಿಂದ, ಯಾವ ಊರಿನಿಂದ ಎಂಬುದನ್ನೂ ಅವರು ಇರುವಾಗಲೇ ಕೇಳಿ ಬರೆದಿಡಿ.